ಹಿನ್ನೆಲೆಯಲ್ಲಿ ಒಂದೇ ಥ್ರೆಡ್, ಆದರೂ ಆ್ಯಪ್ ಬೀಳುವುದೇಕೆ?

ಅಕ್ಕೂರಿನ ಓದುಗರಿಗೆ,

ರಾಮನಗರದ ರೇಷ್ಮೆಗೂಡಿನ ದರ ತೋರಿಸುವ ನಿಮ್ಮ ಆಂಡ್ರಾಯ್ಡ್ ಆ್ಯಪ್ ವಿಚಾರ. ಹಿನ್ನೆಲೆ ಕೆಲಸಗಳೆಲ್ಲ ಸಿಂಗಲ್ ಥ್ರೆಡ್ ಎಕ್ಸಿಕ್ಯೂಟರ್‌ನಲ್ಲೇ ಓಡುವಾಗ ಲಾಕ್ ಏಕೆ ಎಂಬ ನಿಮ್ಮ ವಾದ ಅರ್ಧ ಸರಿ. ಅಲ್ಲಿ ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆ, ಮೊದಲನೆಯದು ಬರೆದದ್ದು ಮುಂದಿನದಕ್ಕೆ ಖಂಡಿತ ಕಾಣುತ್ತದೆ. ನಡುವೆ ಥ್ರೆಡ್ ಸತ್ತು ಹೊಸದು ಬಂದರೂ ಅಷ್ಟೇ. ಅವುಗಳ ನಡುವೆ ಲಾಕ್ ದಂಡ.

ಆದರೆ ಪರದೆಯನ್ನು ನೋಡಿಕೊಳ್ಳುವ ಮುಖ್ಯ ಥ್ರೆಡ್ ನಿಮ್ಮ ಲೆಕ್ಕದಿಂದ ತಪ್ಪಿಹೋಗಿದೆ. ಹಿನ್ನೆಲೆಯಲ್ಲಿ ಆರೇಲಿಸ್ಟ್ ತುಂಬುತ್ತಿರುವಾಗಲೇ ಪರದೆ ಅದನ್ನು ಓದುತ್ತಿದೆ. ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಷನ್ ಬಂದು ಆ್ಯಪ್ ಬಿದ್ದರೆ ಪುಣ್ಯ ಎನ್ನಿ. ಬೀಳದಿದ್ದರೆ ಮಿಶ್ರತಳಿ ಗೂಡಿನ ದರ ದ್ವಿತಳಿಯ ಪಕ್ಕ ಕೂತು ರೈತರನ್ನು ದಾರಿ ತಪ್ಪಿಸೀತು. ವೊಲಟೈಲ್ ಸೇರಿಸಿದರೂ ತೊಂದರೆ ಹೋಗಲಿಲ್ಲ ಎಂದಿದ್ದೀರಿ. ಹೋಗುವುದಿಲ್ಲ: ಅದರ ಭರವಸೆ ಪಟ್ಟಿಯತ್ತ ಬೊಟ್ಟು ಮಾಡುವ ರೆಫರೆನ್ಸ್‌ಗೆ ಮಾತ್ರ, ಒಳಗಿನ ಸಾಲುಗಳಿಗಲ್ಲ.

ಹಿನ್ನೆಲೆಯಲ್ಲಿ ಪ್ರತಿಸಲ ಹೊಸ ಪಟ್ಟಿ ಕಟ್ಟಿ, ಮುಖ್ಯ ಥ್ರೆಡ್‌ನ ಹ್ಯಾಂಡ್ಲರ್‌ಗೆ ಪೋಸ್ಟ್ ಮಾಡಿ. ಕೊಟ್ಟ ಮೇಲೆ ಮತ್ತೆ ಮುಟ್ಟಬೇಡಿ.

ಇನ್ನೊಂದು ಅನುಮಾನ. ಎಕ್ಸಿಕ್ಯೂಟರನ್ನು ಆಕ್ಟಿವಿಟಿಯೊಳಗೆ ಸೃಷ್ಟಿಸಿದ್ದೀರಾ? ಹಾಗಿದ್ದರೆ ಫೋನನ್ನು ಅಡ್ಡ ತಿರುಗಿಸಿದಾಗ ಆಕ್ಟಿವಿಟಿಯ ಜೊತೆ ಹೊಸ ಎಕ್ಸಿಕ್ಯೂಟರ್ ಹುಟ್ಟುತ್ತದೆ. ನೀವು ಮುಚ್ಚದ ಹಳೆಯದೂ ಓಡುತ್ತಿರುತ್ತದೆ, ಅಲ್ಲಿಗೆ ಹಿನ್ನೆಲೆಯ ಥ್ರೆಡ್ ಎರಡಾದವು. ಎಕ್ಸಿಕ್ಯೂಟರನ್ನು ಅಪ್ಲಿಕೇಶನ್ ಮಟ್ಟಕ್ಕೆ ಒಯ್ಯಿರಿ. ಒಳಗಿನ ಕೆಲಸವೊಂದು ಅದೇ ಎಕ್ಸಿಕ್ಯೂಟರ್‌ಗೆ ಇನ್ನೊಂದನ್ನು ಕೊಟ್ಟು, ಫಲಿತಾಂಶಕ್ಕೆ ಕಾಯುತ್ತಾ ಕೂರದಂತೆಯೂ ನೋಡಿಕೊಳ್ಳಿ. ಕೂತರೆ ಎರಡೂ ಎಂದೂ ಮುಗಿಯುವುದಿಲ್ಲ.