ಶ್ರಾವಣದ ಸಾಲ

ಆಂಧ್ರದ ಆದೋನಿ ಬಳಿಯ ಉರುಕುಂದ ಈರಣ್ಣ ಸ್ವಾಮಿ ಗುಡಿಯ ಸುತ್ತಲಿನ ಅಂಗಡಿಗಳಿಗೆ ಶ್ರಾವಣ ಒಂದೇ ತಿಂಗಳು ಇಡೀ ವರ್ಷದ ದುಡಿಮೆ. ಕಾಯಿ, ಕುಂಕುಮ, ಬಳೆ ತಂದಿಡಲು ಆಷಾಢದಲ್ಲೇ ದುಡ್ಡು ಬೇಕು. ಅದು ಸಿಗುತ್ತಿದ್ದುದು ತಿಂಗಳಿಗೆ ನೂರಕ್ಕೆ ಮೂರರ ಕೈಸಾಲವಾಗಿ. ನಾನಿರುವ ಸಣ್ಣ ಸಾಲದ ಕಂಪನಿ ಅಲ್ಲಿಗೆ ಕಾಲಿಟ್ಟಿದ್ದು ಇದನ್ನು ನೋಡಿಯೇ.

20,000 ರೂಪಾಯಿಯನ್ನು ವರ್ಷಕ್ಕೆ ಶೇ. 24ರಂತೆ ಮೂರು ತಿಂಗಳಿಗೆ ಕೊಟ್ಟರೆ ಬಡ್ಡಿ 1,200. ಆದೋನಿಯಿಂದ ಹುಡುಗನೊಬ್ಬ ಬೈಕಿನಲ್ಲಿ ಬಂದು ಪಾಸ್‌ಬುಕ್ ಜೆರಾಕ್ಸ್ ಮಾಡಿಸಿಕೊಂಡು ಹೋದರೆ ಲಾಭದ ಮಾತೇ ಇಲ್ಲ. ಯುಪಿಐನಲ್ಲೂ ಗಳಿಕೆಯಿಲ್ಲ, 2020ರ ಜನವರಿಯಿಂದ ಅಂಗಡಿಯವರಿಗೆ ಅದರ ಶುಲ್ಕ ಸೊನ್ನೆ. ನಮಗೆ ದಾರಿಯಾದದ್ದು ಅಕೌಂಟ್ ಅಗ್ರಿಗೇಟರ್. ರಿಸರ್ವ್ ಬ್ಯಾಂಕ್ ಇದಕ್ಕೆ 2016ರಲ್ಲಿ ನಿಯಮ ಮಾಡಿತು, 2021ರ ಸೆಪ್ಟೆಂಬರಿನಲ್ಲಿ ಎಂಟು ಬ್ಯಾಂಕುಗಳೊಡನೆ ಬಳಕೆಗೆ ಬಂತು. ಖಾತೆದಾರರು ಫೋನಿನಲ್ಲಿ ಒಪ್ಪಿದರೆ ಬ್ಯಾಂಕಿನ ವಿವರ ನಮಗೆ ಬರುತ್ತದೆ. ನಡುವೆ ದಾಟಿಸುವ ಅಗ್ರಿಗೇಟರ್‌ಗೆ ಅದನ್ನು ಓದಲಾಗದು.

ಬಳೆ ಅಂಗಡಿಯ ಅಮ್ಮನೊಬ್ಬರು ನನ್ನ ವಿವರಣೆಯನ್ನೆಲ್ಲ ಕೇಳಿ, ‘ಇವತ್ತು ನೋಡ್ತಿ, ಸರಿ ತಮ್ಮಾ. ನಾಳಿಗೂ ನೋಡ್ಕೋತ ಇರ್ತಿಯೇನು?’ ಎಂದರು. ಒಪ್ಪಿಗೆಯಲ್ಲಿ ಉದ್ದೇಶ, ಅವಧಿ ಎರಡೂ ಇರಬೇಕು, ಬೇಡವಾದಾಗ ಹಿಂದಕ್ಕೆ ಪಡೆಯಬಹುದು ಎಂಬ ನಿಯಮ ಇದೇ ಪ್ರಶ್ನೆಗೆ ಉತ್ತರ. ಆದರೂ ಸಿಕ್ಕಿದ್ದು ಸಿಗಲಿ ಎಂದು ಉದ್ದದ ಅವಧಿ ಕೇಳುವುದು ಸಾಲ ಕೊಡುವವರ ಚಟ. ನಾವು ಒಂದೇ ಸಲ, ಹಿಂದಿನ ಹನ್ನೆರಡು ತಿಂಗಳ ವಿವರ ಸಾಕೆಂದೆವು. ಕಳೆದ ಶ್ರಾವಣ ಅದರಲ್ಲಿ ಬಂದುಬಿಡುತ್ತದೆ. ಹೆಚ್ಚು ಮಂದಿ ಒಪ್ಪಿದ್ದು ಆಮೇಲೆಯೇ.

ಇನ್ನೊಂದು ತೊಡಕು ಮೊಬೈಲ್ ನಂಬರಿನದು. ತಾಯಿಯ ಖಾತೆಗೆ ಮಗನ ನಂಬರು. ಮಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ. ಓಟಿಪಿ ಅಲ್ಲಿಗೆ ಹೋಗುತ್ತದೆ, ಯಾರೋ ಮೋಸ ಮಾಡುತ್ತಿದ್ದಾರೆಂದು ಅವನು ಅಲ್ಲಿಂದಲೇ ಬಯ್ಯುತ್ತಾನೆ. ಬಯ್ಯುವುದೇ ಸರಿ ಎನ್ನುತ್ತೇನೆ ನಾನು. ಮೊದಲು ಬ್ಯಾಂಕಿಗೆ ಹೋಗಿ ತಾಯಿಯ ನಂಬರನ್ನೇ ಕೊಡಿಸುತ್ತೇವೆ; ಅದಕ್ಕೆ ಒಂದು ದಿನ ಹೋದರೂ ಚಿಂತೆಯಿಲ್ಲ.

ಸಮಾನ ಮಾಸಿಕ ಕಂತೂ ಇಲ್ಲಿ ನಡೆಯದು. ಆಷಾಢದಲ್ಲಿ ಕಂತು ಕೇಳಿದರೆ ಕೊಟ್ಟ ಸಾಲದಲ್ಲೇ ಕಟ್ಟಬೇಕಾಗುತ್ತದೆ. ಅದನ್ನು ಬಿಟ್ಟು, ಗುಡಿಗೆ ಹೆಚ್ಚು ಜನ ಬರುವ ಶ್ರಾವಣದ ಪ್ರತಿ ಸೋಮವಾರದ ಮರುದಿನಕ್ಕೆ ದೊಡ್ಡ ಕಂತು, ಉಳಿದದ್ದು ಆಮೇಲೆ ಎಂದಿಟ್ಟೆವು. ಮರುವರ್ಷ ಹಳೆಯವರು ತಾವೇ ಫೋನ್ ಮಾಡಿದರು. ಅವರನ್ನು ಹುಡುಕುವ ಖರ್ಚು ಉಳಿಯಿತು, ನಮ್ಮ ಲಾಭವೆಲ್ಲ ಆ ಉಳಿತಾಯವೇ.

ಆದೋನಿ ಮಾರ್ಕೆಟ್ಟಿಗೆ ಹತ್ತಿ ತರುವ ರೈತರಿಗೂ ಹೀಗೇ ಕೊಡಿ ಎನ್ನುವವರಿದ್ದಾರೆ. ದಲಾಲಿ ಅಂಗಡಿಯಲ್ಲಿ ಬೀಜ, ಗೊಬ್ಬರಕ್ಕೆಂದು ಪಡೆದ ಮುಂಗಡ ಹತ್ತಿ ಮಾರಿದ ದಿನವೇ ಅಲ್ಲೇ ಮುರಿದುಹೋಗುತ್ತದೆ, ಮಿಕ್ಕದ್ದಷ್ಟೇ ಖಾತೆಗೆ. ಅವರ ಸಾಲವೆಷ್ಟೆಂದು ಬ್ಯಾಂಕಿನ ವಿವರ ಹೇಳುವುದಿಲ್ಲ. ಆ ಲೆಕ್ಕ ಇರುವುದು ದಲಾಲರ ಚೀಟಿಯಲ್ಲಿ. ಹಾಗಾಗಿ ಹತ್ತಿಯ ಸಾಲಕ್ಕೆ ನಾವಿನ್ನೂ ಕೈ ಹಾಕಿಲ್ಲ.