ಅಂಗೈಯಗಲದ ಚಿತ್ರಪಾಠ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನೆನಪುಗಳನ್ನು ಬರೆದು ಕೊಡುವವರು ಅನೇಕರಿದ್ದಾರೆ. ವೃತ್ತಿಯಿಂದ ಶಿಕ್ಷಕನಾದ ನಾನು ಒಂದು ಪಾಠವನ್ನೇ ಬರೆಯುವುದು ಯೋಗ್ಯವೆಂದು ಭಾವಿಸಿದ್ದೇನೆ. ಪಾಠದ ವಿಷಯ ಚಿತ್ರಕಲೆ. ಬೇಕಾದ ಸಾಮಗ್ರಿ ಅಂಗೈಯಗಲದ ದಪ್ಪ ಕಾಗದ, ಒಂದು ಪೆನ್ಸಿಲು ಮತ್ತು ಬರೆದದ್ದನ್ನು ಬದಲಾಯಿಸಿಕೊಳ್ಳಲು ಒಬ್ಬ ಸ್ನೇಹಿತ.

ಒಂದನೆಯ ಇಯತ್ತೆಯ ಮಗುವಿನ ಕೈಗೆ ಸೀಮೆಸುಣ್ಣ ಸಿಕ್ಕರೆ ನೆಲ, ಗೋಡೆ, ಬಾಗಿಲು ಒಂದನ್ನೂ ಬಿಡದೆ ಬರೆಯುತ್ತದೆ. ಅದೇ ಮಗು ಐದನೆಯ ಇಯತ್ತೆಗೆ ಬಂದಾಗ "ನನಗೆ ಚಿತ್ರ ಬರೂದಿಲ್ಲ ಸರ್" ಎಂದು ತಲೆ ತಗ್ಗಿಸುತ್ತದೆ. ಕೈಗೆ ಬಲ ಬರುವ ವಯಸ್ಸಿನಲ್ಲಿಯೇ ಮನಸ್ಸು ಹಿಂಜರಿಯುವುದೇಕೆ? ನನ್ನ ಅನುಭವದಂತೆ ಇದಕ್ಕೆ ಎರಡು ಕಾರಣಗಳು. ಮೊದಲನೆಯದು, ಎದುರಿಗೆ ಹಾಸಿದ ದೊಡ್ಡ ಬಿಳಿಯ ಹಾಳೆ. ಅದನ್ನು ತುಂಬುವುದೆಂತು ಎಂಬ ಭಯ. ಎರಡನೆಯದು, ವರ್ಗದಲ್ಲಿ ಜಾಣನೊಬ್ಬನ ಚಿತ್ರ ಗೋಡೆಗೇರಿ ಉಳಿದವರದು ಚೀಲ ಸೇರುವ ಪದ್ಧತಿ. ಹಾಳೆಯನ್ನು ಚಿಕ್ಕದಾಗಿಸಿ, ಪ್ರತಿಯೊಂದು ಚಿತ್ರಕ್ಕೂ ಒಬ್ಬ ಗ್ರಾಹಕನನ್ನು ಒದಗಿಸಿದರೆ ಎರಡೂ ತೊಡಕುಗಳು ಬಹುಮಟ್ಟಿಗೆ ನೀಗುತ್ತವೆ.

ಈ ವಿಧಾನಕ್ಕೆ ಉತ್ತಮ ನಿದರ್ಶನವೊಂದು ಸ್ವಿಟ್ಜರ್ಲೆಂಡಿನಲ್ಲಿದೆ. ಜ್ಯೂರಿಕ್ ನಗರದ ಕಲಾವಿದ ಎಂ. ವೆಂಚಿ ಸ್ಟಿರ್ನೆಮನ್ ಅವರು 1997ರಲ್ಲಿ ತಾವು ಕೈಯಿಂದ ರಚಿಸಿದ 1200 ಪುಟ್ಟ ಕಾರ್ಡುಗಳನ್ನು ತಮ್ಮ ಪುಸ್ತಕದಂಗಡಿಯಲ್ಲಿ ಪ್ರದರ್ಶಿಸಿದರು. ಕಾರ್ಡು ಬೇಕೆಂದವರಿಗೆ ಮಾರಲಿಲ್ಲ. ಅದೇ ಅಳತೆಯಲ್ಲಿ ನೀವೂ ರಚಿಸಿ ತನ್ನಿರಿ, ಕಡೆಯ ದಿನ ಅದಲು ಬದಲು ಮಾಡೋಣ ಎಂದು ಆಹ್ವಾನವಿತ್ತರು. ಅದೇ ವರ್ಷ ಈ ಪದ್ಧತಿ ಕೆನಡಾದ ಕ್ಯಾಲ್ಗರಿ ನಗರವನ್ನು ಮುಟ್ಟಿತು. ಅನಂತರ ಅನೇಕ ದೇಶಗಳಿಗೆ ಹಬ್ಬಿತು. ಇದರ ನಿಯಮಗಳು ಕೆಲವೇ. ಕಾರ್ಡಿನ ಅಳತೆ 2.5 ಇಂಚು ಅಗಲ, 3.5 ಇಂಚು ಉದ್ದ. ಹಿಂಬದಿಯಲ್ಲಿ ರಚಿಸಿದವರ ಹೆಸರು ಹಾಗೂ ದಿನಾಂಕ. ಮಾರಾಟವಿಲ್ಲ, ವಿನಿಮಯ ಮಾತ್ರ. ಹೆಸರಾಂತ ಕಲಾವಿದನೂ ನಿನ್ನೆ ಪೆನ್ಸಿಲು ಹಿಡಿದವನೂ ಒಂದಕ್ಕೆ ಒಂದರಂತೆ ಸಮಾನವಾಗಿ ಕೊಟ್ಟು ತೆಗೆದುಕೊಳ್ಳಬಹುದು.

ಕಿರಿದರಲ್ಲಿ ಬರೆಯುವುದು ಹೊಸ ವಿದ್ಯೆಯೇನೂ ಅಲ್ಲ. ಇಂಗ್ಲೆಂಡಿನಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಕಾಲದ ನಿಕೊಲಸ್ ಹಿಲಿಯರ್ಡ್ ಎಂಬ ಚಿತ್ರಕಾರರು ತೆಳುವಾದ ಚರ್ಮಪತ್ರವನ್ನು ಇಸ್ಪೀಟಿನ ಎಲೆಗೆ ಅಂಟಿಸಿ ಅದರ ಮೇಲೆ ಭಾವಚಿತ್ರಗಳನ್ನು ರಚಿಸುತ್ತಿದ್ದರು. ನಮ್ಮ ಮಹಾರಾಷ್ಟ್ರದ ಸಾವಂತವಾಡಿಯಲ್ಲಿಯೂ ಕರ್ನಾಟಕದ ಮೈಸೂರಿನಲ್ಲಿಯೂ ಗಂಜೀಫಾ ಎಲೆಗಳನ್ನು ಕೈಯಿಂದಲೇ ಚಿತ್ರಿಸುವ ಪರಂಪರೆಯಿದೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ದುಂಡು ಎಲೆಗಳು. ಅವು ಆಟಕ್ಕಾಗಿ ಹುಟ್ಟಿದವು. ನಮ್ಮ ಕಾರ್ಡು ಕಲಿಕೆಗಾಗಿ ಎಂಬುದಷ್ಟೇ ಭೇದ. ಕ್ರಿಕೆಟ್ ಆಟಗಾರರ ಕಾರ್ಡುಗಳನ್ನು ಬೆಂಚಿನ ಕೆಳಗೆ ಕದ್ದು ಬದಲಾಯಿಸಿಕೊಂಡ ಹಳೆಯ ವಿದ್ಯಾರ್ಥಿಗಳಿಗೆ ವಿನಿಮಯದ ರುಚಿಯನ್ನು ನಾನು ಹೊಸದಾಗಿ ವಿವರಿಸಬೇಕಾಗಿಲ್ಲ!

ಇನ್ನು ಸಿದ್ಧತೆ. 22 ಇಂಚು ಅಗಲ, 30 ಇಂಚು ಉದ್ದದ ಒಂದು ಡ್ರಾಯಿಂಗ್ ಹಾಳೆ ತನ್ನಿರಿ. ಉದ್ದದ ಬದಿಯನ್ನು 2.5 ಇಂಚಿನಂತೆ 12 ಭಾಗ, ಅಗಲದ ಬದಿಯನ್ನು 3.5 ಇಂಚಿನಂತೆ 6 ಭಾಗ ಮಾಡಿರಿ. ಒಂದಿಂಚಿನ ಪಟ್ಟಿ ಉಳಿದು 72 ಕಾರ್ಡುಗಳು ದೊರೆಯುತ್ತವೆ. ಗಣಿತದ ಶಿಕ್ಷಕರಿಗೂ ಇದೊಂದು ಲೆಕ್ಕವೇ. ಹಣ ವೆಚ್ಚ ಮಾಡಲಾರದವರು ಲಗ್ನಪತ್ರಿಕೆಯ ಬರಿಯ ಬೆನ್ನನ್ನು ಕತ್ತರಿಸಿಕೊಳ್ಳಬಹುದು; ನುಣುಪಿಲ್ಲದ ಕಾಗದವಾದರೆ ಪೆನ್ಸಿಲು ಚೆನ್ನಾಗಿ ಹಿಡಿಯುತ್ತದೆ.

ಅಭ್ಯಾಸವನ್ನು ಕ್ರಮವಾಗಿ ಮಾಡಬೇಕು. ಮೊದಲ ವಾರ ಕೇವಲ ಗೆರೆ: ಜೋಳದ ತೆನೆ, ಬೇವಿನ ಎಲೆ, ಹುಣಸೆಕಾಯಿ. ನೋಡುತ್ತ ನೋಡುತ್ತ ಬರೆಯಬೇಕು, ರಬ್ಬರು ಮುಟ್ಟಕೂಡದು. ಗೆರೆ ತಪ್ಪಿದರೆ ಇನ್ನೊಂದು ಕಾರ್ಡು ತೆಗೆದುಕೊಂಡರಾಯಿತು. ಹಾಳೆ ಕಿರಿದಾದುದರ ದೊಡ್ಡ ಲಾಭವಿದು. ಎರಡನೆಯ ವಾರ ಪ್ರಮಾಣ: ತಂಬಿಗೆಯೊಂದನ್ನು ಎದುರಿಗಿಟ್ಟು, ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿಟ್ಟು ಅದರ ಅಗಲವನ್ನು ಅಳೆಯಿರಿ, ಆ ಅಗಲ ಎತ್ತರದಲ್ಲಿ ಎಷ್ಟು ಸಲ ಅಡಕವಾಗುತ್ತದೆಂದು ನೋಡಿ ಬರೆಯಿರಿ. ಮೂರನೆಯ ವಾರ ನೆರಳು ಬೆಳಕು: ಕಿಟಕಿಯ ಬಳಿ ಒಂದು ಉಳ್ಳಾಗಡ್ಡಿಯಿಟ್ಟು ಬೆಳಕು ಬಿದ್ದ ಭಾಗವನ್ನು ಕಾಗದದ ಬಿಳುಪಿಗೇ ಬಿಟ್ಟು, ಉಳಿದುದನ್ನು ಎರಡು ಹಂತಗಳಲ್ಲಿ ಕಪ್ಪಾಗಿಸಿರಿ. ನಾಲ್ಕನೆಯ ವಾರ ನೆನಪಿನಿಂದ: ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯ ನಂದಿಕೋಲು, ಮನೆಯ ಅಂಗಳದ ರಂಗೋಲಿ, ಚಾದರದ ಅಂಚಿನ ವಿನ್ಯಾಸ.

ಪ್ರತಿ ಶನಿವಾರ ವಿನಿಮಯ. ಅದಕ್ಕೂ ಶಿಸ್ತು ಬೇಕು. ಕೇಳದೆ ಯಾರ ಕಾರ್ಡನ್ನೂ ತೆಗೆದುಕೊಳ್ಳಕೂಡದು. ಕಾರ್ಡು ಪಡೆದವನು ಅದರಲ್ಲಿ ತಾನು ಕಂಡ ಒಂದು ಸಂಗತಿಯನ್ನು ಹೇಳಲೇಬೇಕು. "ಚಂದ ಐತಿ" ಎಂದರೆ ಸಾಲದು. "ಎಲೆಯ ತುದಿ ಬಾಗಿದ್ದನ್ನು ಬರೆದಿದ್ದೀ" ಎಂದು ಹೇಳಬೇಕಾದರೆ ನೋಡಲೇಬೇಕಾಗುತ್ತದೆ. ಚಿತ್ರ ಬಾರದೆಂದು ಹಿಂದೆ ಸರಿಯುತ್ತಿದ್ದ ಹುಡುಗನೊಬ್ಬ ತಂದೆಯ ಮಗ್ಗದ ಲಾಳಿಯನ್ನು ಬರೆದ. ಓರೆಕೋರೆಯಾಗಿಯೇ ಇತ್ತು, ಆದರೆ ನೂಲು ಹೊರಬರುವ ರಂಧ್ರ ಸರಿಯಾದ ಸ್ಥಳದಲ್ಲಿತ್ತು. ಆ ಕಾರ್ಡಿಗಾಗಿ ಮೂವರು ಕೈಚಾಚಿದರು. ಅವನು ಇನ್ನೆರಡು ಬರೆಯಬೇಕಾಯಿತು. ಮೂರನೆಯ ಲಾಳಿ ಮೊದಲನೆಯದಕ್ಕಿಂತ ನೇರವಾಗಿತ್ತು.

ಇದರಿಂದ ಪರೀಕ್ಷೆಗೆ ಪ್ರಯೋಜನವೇನೆಂದು ಪಾಲಕರು ಕೇಳಬಹುದು. ನಮ್ಮ ರಾಜ್ಯದ ಎಲಿಮೆಂಟರಿ ಹಾಗೂ ಇಂಟರ್‌ಮೀಡಿಯೇಟ್ ಚಿತ್ರಕಲಾ ಪರೀಕ್ಷೆಗಳು ವಸ್ತುಚಿತ್ರ, ಸ್ಮರಣಚಿತ್ರ ಮತ್ತು ಸಂಕಲ್ಪಚಿತ್ರಗಳನ್ನು ಕೇಳುತ್ತವೆ. ತಂಬಿಗೆಯ ಪ್ರಮಾಣ, ಜಾತ್ರೆಯ ನೆನಪು, ಚಾದರದ ಅಂಚು ಇವುಗಳಿಗೇ ತಳಹದಿ. ಆದರೆ ಚಿಕ್ಕ ಕಾರ್ಡಿನಲ್ಲಿ ಬೆರಳು ಮತ್ತು ಮಣಿಕಟ್ಟು ಮಾತ್ರ ಪಳಗುತ್ತವೆ, ತೋಳು ಪಳಗುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ತಮ್ಮ ಮೆಚ್ಚಿನ ಕಾರ್ಡನ್ನು ಪೂರ್ಣ ಹಾಳೆಯ ಮೇಲೆ ದೊಡ್ಡದಾಗಿ ಬರೆಸಬೇಕು. ಆಗ ಆ ಹಾಳೆ ಮೊದಲಿನಷ್ಟು ಹೆದರಿಸದು.

ಕಡೆಯದಾಗಿ ಕಾರ್ಡಿನ ಬೆನ್ನಿನ ಬಗ್ಗೆ ಎರಡು ಮಾತು. ಅಲ್ಲಿ ಹೆಸರು, ಊರು, ದಿನಾಂಕ, ಚಿತ್ರದ ಹೆಸರು ಈ ನಾಲ್ಕನ್ನೂ ಕನ್ನಡದಲ್ಲಿ ಬರೆಯತಕ್ಕದ್ದು. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಮುಂದಿನ ಓದಿಗೆ ಇಂಗ್ಲಿಷು. ಮೂರೂ ಬೇಕು. ಆದರೆ ಮಾತನಾಡುವ ಕನ್ನಡ ಉಳಿದರೂ ಬರೆಯುವ ಕನ್ನಡ ಕೈಬಿಟ್ಟುಹೋಗುವ ಭೀತಿ ಗಡಿನಾಡಿನ ಮನೆಮನೆಯಲ್ಲಿದೆ. ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಬಲ್ಲವರು ಎಷ್ಟು ಜನ ಎಂಬುದನ್ನು ನೀವೇ ಎಣಿಸಿಕೊಳ್ಳಿರಿ. ಇಡೀ ಪತ್ರ ಬರೆಯೆಂದರೆ ಆ ಮಗು ಬೆದರೀತು. ನಾಲ್ಕು ಸಾಲು ಬರೆದೀತು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯ ಮಕ್ಕಳಿಂದ ಒಂದು ಕಾರ್ಡು ಬರೆಯಿಸಿರಿ, ನೀವೂ ಒಂದು ಬರೆಯಿರಿ. ಎರಡನ್ನೂ ಲಕೋಟೆಯಲ್ಲಿಟ್ಟು ಮುಖ್ಯಾಧ್ಯಾಪಕರ ಹೆಸರಿಗೆ ಕಳುಹಿಸಿರಿ. ಬಂದ ಪ್ರತಿ ಕಾರ್ಡಿಗೂ ಶಾಲೆಯ ಮಗುವೊಂದರ ಕಾರ್ಡನ್ನು ಮರಳಿ ಕಳುಹಿಸಲು ಈಗಿನ ಶಿಕ್ಷಕರು ಒಪ್ಪಿದ್ದಾರೆ. ಲಕೋಟೆಯ ಮೇಲೆ ನಿಮ್ಮ ವಿಳಾಸ ಬರೆಯಲು ಮರೆಯಬೇಡಿರಿ.