ಸೈನ್ಯ ಊರನ್ನು ಹಿಡಿದರೂ ಬಂಧಿತರ ಹಕ್ಕು ಹೋಗುವುದಿಲ್ಲ



ಸಂಘದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ನೋಡುತ್ತೇವೆ. ಅದರ ಜೊತೆಗೆ ಮನುಷ್ಯರ ಹಕ್ಕುಗಳನ್ನೂ ತಿಳಿದುಕೊಳ್ಳೋಣ. ಈ ಸಲದ ವಿಷಯ ದೂರದ ದೇಶದ್ದು. ಆದರೆ ಅಲ್ಲಿನ ನೋವು ನಮಗೆ ಅರ್ಥವಾಗದ್ದೇನಲ್ಲ.

ನಡೆದ ಘಟನೆ

2003ರಲ್ಲಿ ಅಮೆರಿಕ, ಬ್ರಿಟನ್ ಸೈನ್ಯಗಳು ಇರಾಕ್ ದೇಶವನ್ನು ವಶಪಡಿಸಿಕೊಂಡವು. ಬಸ್ರಾ ನಗರ ಬ್ರಿಟಿಷ್ ಸೈನ್ಯದ ಕೈಯಲ್ಲಿತ್ತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಹೋಟೆಲೊಂದರ ನೌಕರ, 26 ವರ್ಷದ ಬಹಾ ಮೂಸಾನನ್ನು ಸೈನಿಕರು ಹಿಡಿದುಕೊಂಡು ಹೋದರು. ತಲೆಗೆ ಮುಸುಕು ಹಾಕಿದರು, ನೋವಾಗುವ ಹಾಗೆ ನಿಲ್ಲಿಸಿದರು, ಹೊಡೆದರು. ಎರಡು ದಿನ ತುಂಬುವ ಮೊದಲೇ ಅವನು ಸತ್ತ. ಮೈಮೇಲೆ 93 ಗಾಯಗಳಿದ್ದವು. ಇಬ್ಬರು ಪುಟ್ಟ ಗಂಡುಮಕ್ಕಳು. ತಾಯಿ ಮೊದಲೇ ಕಾಯಿಲೆಯಿಂದ ತೀರಿಹೋಗಿದ್ದಳು. ಈಗ ತಂದೆಯೂ ಇಲ್ಲ.

ಕಾನೂನು ಏನು ಹೇಳುತ್ತದೆ?

"ಯುದ್ಧದಲ್ಲಿ ಎಂಥಾ ಕಾನೂನು?" ಅಂತ ಕೇಳ್ತೀವಿ ಅಲ್ವಾ? ಕಾನೂನು ಇದೆ. 1949ರ ನಾಲ್ಕನೇ ಜಿನೀವಾ ಒಪ್ಪಂದ ಜನಸಾಮಾನ್ಯರಿಗಾಗಿಯೇ ಮಾಡಿದ್ದು.

1. ಬಂಧಿತರನ್ನು ಹೊಡೆಯಬಾರದು, ಹಿಂಸಿಸಬಾರದು, ಮಾನ ಕಳೆಯಬಾರದು. ಬಾಯಿ ಬಿಡಿಸಲಿಕ್ಕೆ ಒತ್ತಾಯವನ್ನೂ ಮಾಡಬಾರದು.

2. ಆರೋಪಿಗಳನ್ನು ಅವರ ದೇಶದಲ್ಲೇ ಇಡಬೇಕು. ಸಾಕಷ್ಟು ಊಟ, ಔಷಧಿ ಕೊಡಬೇಕು.

3. ಹೆಂಗಸರನ್ನು ಬೇರೆಯಾಗಿ, ಹೆಂಗಸರ ಮೇಲ್ವಿಚಾರಣೆಯಲ್ಲೇ ಇಡಬೇಕು.

4. ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನವರಿಗೆ ಬಂಧಿತರನ್ನು ಭೇಟಿಯಾಗಲು ಬಿಡಬೇಕು.

5. ಹೊಡೆದವನು ತಪ್ಪಿತಸ್ಥ ನಿಜ, ಆದರೆ ಅವನನ್ನು ಕೆಲಸಕ್ಕಿಟ್ಟ ಸರ್ಕಾರವೂ ಹೊಣೆ. ಸೈನ್ಯದ ಅಪ್ಪಣೆಯಂತೆ ಸ್ಥಳೀಯ ಪೊಲೀಸರು ಹೊಡೆದರೂ "ಅದು ಅವರ ಕೆಲಸ" ಎಂದು ಸೈನ್ಯ ಕೈತೊಳೆದುಕೊಳ್ಳುವಂತಿಲ್ಲ.

1984ರ ಚಿತ್ರಹಿಂಸೆ ವಿರೋಧಿ ಒಪ್ಪಂದ ಇನ್ನೂ ಬಿಗಿಯಾಗಿದೆ. ಯುದ್ಧವಾಗಲಿ, ತುರ್ತು ಪರಿಸ್ಥಿತಿಯಾಗಲಿ, ಚಿತ್ರಹಿಂಸೆಗೆ ನೆಪವಾಗದು. "ಮೇಲಿನವರು ಹೇಳಿದರು, ಮಾಡಿದೆ" ಎಂಬ ಮಾತೂ ನಡೆಯದು.

ಕಾನೂನು ತಾನಾಗಿ ಬರಲಿಲ್ಲ

ಮುಸುಕು ಹಾಕುವ ಪದ್ಧತಿಯನ್ನು ಬ್ರಿಟನ್ 1972ರಲ್ಲೇ ನಿಷೇಧಿಸಿತ್ತು. ಆದರೂ ಬಸ್ರಾದಲ್ಲಿ ಅದೇ ನಡೆಯಿತು. ಬಹಾ ಮೂಸಾನ ತಂದೆ ಸ್ವತಃ ಪೊಲೀಸ್ ಅಧಿಕಾರಿ. ಅವರು ಸುಮ್ಮನೆ ಕೂರಲಿಲ್ಲ, ಬ್ರಿಟನ್ನಿನ ನ್ಯಾಯಾಲಯದ ಬಾಗಿಲು ತಟ್ಟಿದರು. ಒಬ್ಬ ಸೈನಿಕ ತಪ್ಪೊಪ್ಪಿಕೊಂಡು 2007ರಲ್ಲಿ ಒಂದು ವರ್ಷ ಜೈಲುಶಿಕ್ಷೆ ಪಡೆದ. 2008ರಲ್ಲಿ ಪರಿಹಾರ ಒಪ್ಪಿಗೆಯಾಯಿತು. 2011ರಲ್ಲಿ ಸಾರ್ವಜನಿಕ ವಿಚಾರಣೆಯ ವರದಿ ಸೈನ್ಯದ ತಪ್ಪನ್ನು ಬಯಲು ಮಾಡಿತು. ಹೋದ ಜೀವಕ್ಕೆ ಇದು ಸಮವಲ್ಲ. ಆದರೂ ಸತ್ಯ ಹೊರಗೆ ಬಂತು.

ನಮ್ಮ ದೇಶ?

ಭಾರತ ಜಿನೀವಾ ಒಪ್ಪಂದಗಳನ್ನು 1950ರಲ್ಲಿ ಒಪ್ಪಿ, 1960ರಲ್ಲಿ ಅದಕ್ಕಾಗಿ ಕಾಯ್ದೆ ಮಾಡಿತು. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದರೂ ಅನುಮೋದನೆ ಇನ್ನೂ ಆಗಿಲ್ಲ. ಆದರೆ ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಬೇಕು, ಬಂಧಿತರಿಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು ಎಂದು ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಹೇಳಿದೆ.

ಸಭೆಯಲ್ಲಿ ಚರ್ಚಿಸೋಣ

1. ತಪ್ಪು ಮಾಡಿದವನಿಗೆ ನಾಲ್ಕು ಬಿಗಿದರೆ ಏನಾಯ್ತು ಅಂತ ನಾವೂ ಹೇಳ್ತೇವಾ? ಅದು ಸರಿಯೇ?

2. ಮಹಿಳಾ ಬಂಧಿತರಿಗೆ ಬೇರೆ ನಿಯಮ ಯಾಕೆ ಬೇಕು?

3. ನಮ್ಮ ಓಣಿಯಲ್ಲಿ ಯಾರನ್ನಾದರೂ ಹಿಡಿದುಕೊಂಡು ಹೋದರೆ, ಸಂಘದವರು ಮೊದಲು ಏನು ವಿಚಾರಿಸಬೇಕು?